ನಾಲ್ಕೂ ಮಿಟುಕಿದರೆ ನೇರ

ನಮ್ಮಪ್ಪ ಪಿಳ್ಳಪ್ಪನವರ ಬೈಕಿಗೆ ಇಂಡಿಕೇಟರ್ ಇಲ್ಲ ಅನ್ನುವುದು ಹುಣಸಮಾರನಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಅದನ್ನು ಯಾರೂ ಕೊರತೆ ಅಂದುಕೊಂಡಿರಲಿಲ್ಲ. ನಾನಿನ್ನೂ ಲಂಗ ಹಾಕುತ್ತಿದ್ದ ಕಾಲದಲ್ಲಿ ಮನೆ ಮುಂದೆ ಕಟ್ಟಿದ್ದ ಎಮ್ಮೆ ಮೈ ಉಜ್ಜಿ ಉಜ್ಜಿ ಹಿಂದಿನ ಎರಡನ್ನೂ ಮುರಿಯಿತು. ಮುಂದಿನ ಎರಡನ್ನು ಅಪ್ಪನೇ ಬಿಚ್ಚಿ ಅಟ್ಟದ ಮೇಲೆ ಎಸೆದರು. ಅಲ್ಲಿಂದಾಚೆಗೆ ತಿರುಗುವ ಜಾಗ ಬಂದರೆ ಕೈ ಚಾಚುವುದು, ಹಿಂದಿನವನಿಗೆ ಕಣ್ಣಿದ್ದರೆ ನೋಡಿಕೊಳ್ಳುವುದು. ಆಗ ನಮ್ಮ ರಸ್ತೆಯಲ್ಲಿ ಹಿಂದಿನವನು ಅಂತ ಒಬ್ಬ ಇದ್ದರೆ ಹೆಚ್ಚು.

ಈಗ ಅದೇ ರಸ್ತೆಯಲ್ಲಿ ಜನ ವಿಮಾನ ಹಿಡಿಯುವುದಕ್ಕೆ ಓಡುತ್ತಾರೆ. ಕೈ ಚಾಚಿದರೆ ಭಿಕ್ಷೆ ಬೇಡುತ್ತಿದ್ದಾನೆ ಅಂದುಕೊಂಡು ಹಾರನ್ ಹೊಡೆಯುತ್ತಾರೆ.

ನವೆಂಬರ್ ಒಂದರ ಬೈಕ್ ರ‍್ಯಾಲಿಯನ್ನು ಶುರುಮಾಡಿದ್ದೇ ಅಪ್ಪ. ಮೂರ್ನಾಲ್ಕು ಜನ ಗೆಳೆಯರು, ಒಂದು ಹಳದಿ ಕೆಂಪು ಬಾವುಟ, ಊರಿನಿಂದ ಯಲಹಂಕದ ಮೈದಾನದವರೆಗೆ. ಈಗ ನೂರಕ್ಕೂ ಹೆಚ್ಚು ಬೈಕು ಬರುತ್ತವೆ. ಎಲ್ಲಕ್ಕಿಂತ ಮುಂದೆ ಬಾವುಟ ಹೊತ್ತು ಹೋಗುವ ಗಾಡಿಗೆ ನಮ್ಮಲ್ಲಿ ಮುಂಗಾಡಿ ಅನ್ನುತ್ತೇವೆ. ಆ ಬಾವುಟವೇ ಮೈದಾನದ ಕಂಬಕ್ಕೆ ಏರುವುದು. ಅಂದಿನಿಂದ ಇಂದಿನವರೆಗೂ ಮುಂಗಾಡಿ ಅಂದರೆ ಅಪ್ಪನ ಬೈಕು, ಬೇರೆ ಮಾತೇ ಇರಲಿಲ್ಲ.

ಹೋದ ವರ್ಷ ಎಡವಟ್ಟಾಯಿತು. ನಮ್ಮೂರಿನಿಂದ ಹೆದ್ದಾರಿಯಲ್ಲಿ ಹೋಗುವವರು ಯಲಹಂಕಕ್ಕೆ ಎಡಕ್ಕೆ ಸರ್ವಿಸ್ ರಸ್ತೆಗೆ ಇಳಿಯಬೇಕು. ಅದನ್ನು ತಪ್ಪಿಸಿಕೊಂಡವರು ಮೇಲ್ಸೇತುವೆ ಹತ್ತಿ ಹೆಬ್ಬಾಳದ ಹತ್ತಿರ ಇಳಿಯಬೇಕು, ನಡುವೆ ಬಿಡುಗಡೆ ಇಲ್ಲ. ಅಪ್ಪ ಕೈ ಚಾಚಿದರು, ಹಿಂದಿನವರಿಗೆ ಕಾಣಲಿಲ್ಲ, ಅರ್ಧ ರ‍್ಯಾಲಿ ಹೆಬ್ಬಾಳ ಸೇರಿತು. ರ‍್ಯಾಲಿ ನಡೆಸುವ ನಮ್ಮೂರ ಕನ್ನಡ ಬಳಗದ ಅಧ್ಯಕ್ಷರಾದ ವೆಂಕಟೇಶಪ್ಪನವರು ಮೈದಾನದಲ್ಲಿ ಅದೇ ಭಾಷಣವನ್ನು ಎರಡು ಸಲ ಮಾಡಬೇಕಾಯಿತು. ಒಂದು ಸಲಕ್ಕೇ ಜನ ಆಕಳಿಸುವ ಭಾಷಣ ಅದು.

ಈ ವರ್ಷ ಅಪ್ಪನ ಮೊಣಕಾಲಿಗೆ ಆಪರೇಷನ್ ಆಯಿತು. ಕಿಕ್ ಹೊಡೆಯಲೇಬೇಡಿ ಅಂತ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ಬೈಕು ಓಡಿಸುವುದನ್ನು ಅಪ್ಪನೇ ನನಗೆ ಕಾಲೇಜಿಗೆ ಹೋಗುವಾಗ ಕಲಿಸಿದ್ದರು, ಹಾಗಾಗಿ ಮುಂಗಾಡಿಯನ್ನು ನಾನು ಓಡಿಸುತ್ತೇನೆ, ಅಪ್ಪ ಹಿಂದೆ ಕೂರಲಿ ಅಂದೆ. ಮಾರನೆ ದಿನ ಬೆಳಗ್ಗೆ ನೋಡಿದರೆ ಅಪ್ಪ ಬೈಕಿನ ಟ್ಯಾಂಕನ್ನು ಫಳಫಳ ಒರೆಸಿಟ್ಟಿದ್ದರು.

ಆದರೆ ಬಳಗದ ಸಭೆಯಲ್ಲಿ ನನ್ನ ಚಿಕ್ಕಪ್ಪನ ಮಗ ಮಹೇಂದ್ರ ಎದ್ದು ನಿಂತ. ಅವನು ಸೈಟು, ಅಪಾರ್ಟ್‌ಮೆಂಟು ಅಂತ ಓಡಾಡುವ ಬಿಲ್ಡರು. ಆ ತಿಂಗಳಷ್ಟೇ ಮದುವೆ ಮನೆಯಷ್ಟು ದೀಪ ಇರುವ ದೊಡ್ಡ ಬೈಕು ತಂದಿದ್ದ.

"ಅಕ್ಕ, ಬೇಜಾರ್ ಮಾಡ್ಕೋಬೇಡ. ಹೋದ ವರ್ಷ ಹಂಗಾಯ್ತಲ್ಲ, ಅದಕ್ಕೇ ಈ ಸಲ ಮುಂದಿರೋ ಗಾಡಿಗೆ ಇಂಡಿಕೇಟರ್ ಇರ್ಲೇಬೇಕು ಅಂತ ಪೊಲೀಸ್ನೋರು ಹೇಳವ್ರೆ. ನನ್ ಗಾಡಿ ಮುಂದಿರ್ಲಿ ಬಿಡು."

ಅಪ್ಪ ತಲೆ ಬಗ್ಗಿಸಿ ಕೂತಿದ್ದರು. ಗದ್ದೆ ಬಿಟ್ಟುಕೊಟ್ಟಾಗಲೂ, ಎಮ್ಮೆ ಮಾರಿದಾಗಲೂ ಅವರು ಹೀಗೇ ಕೂತಿದ್ದನ್ನು ನಾನು ನೋಡಿದ್ದೆ. ಈ ಜಾಗವೂ ಹೋದರೆ ಅವರು ಯಾರಿಗೂ ಏನೂ ಹೇಳದೆ ಒಳಗೊಳಗೇ ಸೊರಗುತ್ತಾರೆ ಅಂತ ನನಗೆ ಗೊತ್ತಿತ್ತು. ಇನ್ನು ಸುಳ್ಳು ಯಾಕೆ, ಆ ಜಾಗ ನನಗೂ ಬೇಕಾಗಿತ್ತು. ಇಂಡಿಕೇಟರ್ ತಾನೆ, ಹಾಕಿಸುತ್ತೇನೆ ಅಂದೆ. ಭಾನುವಾರ ರಿಹರ್ಸಲ್ ಇದೆ, ಅಷ್ಟರಲ್ಲಿ ಹಾಕಿಸಿದರೆ ನೋಡೋಣ ಅಂದರು ವೆಂಕಟೇಶಪ್ಪನವರು.

ಹಬ್ಬದ ಸಮಯ, ಯಾವ ಮೆಕ್ಯಾನಿಕ್ಕೂ ಕೈಗೆ ಸಿಗಲಿಲ್ಲ. ಸಿಕ್ಕವನೊಬ್ಬ ಬೈಕನ್ನು ನೋಡಿ, ಇದಕ್ಕೆ ಎಲ್‌ಇಡಿ ಹಾಕಿದರೆ ಮೂಗಿಗಿಂತ ಮೂಗುತಿ ಭಾರ ಆಗುತ್ತೆ ಮೇಡಂ ಅಂದ. ನನಗೆ ಸಿಟ್ಟು ಬಂತು. ಟಿ. ದಾಸರಹಳ್ಳಿಯಲ್ಲಿ ಸುಬ್ರಮಣಿ ಅನ್ನುವವರ ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ, ನಮ್ಮೆಜಮಾನರು ಪೀಣ್ಯದ ಕೆಲಸಕ್ಕೆ ಹೋಗುವ ದಾರಿಯಲ್ಲೇ. ಅವರ ಜೊತೆ ಹೋಗಿ ನಾಲ್ಕು ಎಲ್‌ಇಡಿ ದೀಪ, ಅವು ಹದವಾಗಿ ಹೊತ್ತಿ ಆರುವುದಕ್ಕೆ ಬೇಕಾದ ಹೊಸ ಫ್ಲಾಶರ್ ಡಬ್ಬಿ ತಂದೆ. ಹಳೆಯ ಫ್ಲಾಶರಿನಲ್ಲಿ ಎಲ್‌ಇಡಿ ಹಾಕಿದರೆ ಜ್ವರ ಬಂದವರ ನಾಡಿಯ ಹಾಗೆ ಹೊಡೆದುಕೊಳ್ಳುತ್ತೆ ಅಂತ ಸುಬ್ರಮಣಿಯವರೇ ಹೇಳಿ ಕೊಟ್ಟಿದ್ದು. ಒಂದೊಂದಕ್ಕೆ ಎರಡೆರಡು ವೈರು, ಮಕ್ಕಳೂ ಮಾಡಬಹುದು ಅಂತಲೂ ಅಂದರು.

ಯಾರೂ ಮಾಡಿಕೊಡದಿದ್ದರೆ ನಾನೇ ಮಾಡುತ್ತೇನೆ ಅಂತ ಮಧ್ಯಾಹ್ನ ಹೊಂಗೆ ಮರದ ಕೆಳಗೆ ಚಾಪೆ ಹಾಕಿ ಕೂತೆ. ನನ್ನದು ಸೀರೆಗೆ ಕುಚ್ಚು ಕಟ್ಟುವ ಕೆಲಸ. ವಿದ್ಯಾರಣ್ಯಪುರದ ಹೆಂಗಸರೆಲ್ಲ ನನ್ನಲ್ಲಿಗೇ ಸೀರೆ ಕಳಿಸುತ್ತಾರೆ. ಎಳೆ ಬಿಡಿಸುವುದು, ಬಣ್ಣಕ್ಕೆ ಬಣ್ಣ ಹೊಂದಿಸುವುದು, ಕಣ್ಣಿಗೆ ಕಾಣದ ಹಾಗೆ ಗಂಟು ಹಾಕುವುದು ನನಗೆ ಹೊಸದೇನಲ್ಲ. ಹೆಡ್‌ಲೈಟ್ ಬಿಚ್ಚಿದರೆ ಒಳಗೆ ವೈರುಗಳ ಒಂದು ಕಂತೆಯೇ ಇತ್ತು. ಕಾಫಿಪುಡಿ ಬಣ್ಣದ್ದು ಎಡಕ್ಕೆ, ಹಸಿರು ಬಲಕ್ಕೆ, ಕಪ್ಪು ಅರ್ತಿಂಗಿಗೆ. ಅದನ್ನು ಹೇಳಿದ್ದು ಅಪ್ಪ. ಜಗಲಿಯ ಮೇಲೆ ಕೂತು, ತಮಗೆ ಇದರಲ್ಲಿ ಏನೂ ಆಸಕ್ತಿ ಇಲ್ಲ ಅನ್ನುವ ಮುಖ ಮಾಡಿಕೊಂಡೇ ಹೇಳಿದರು. "ಕೈ ಐತಲ್ಲ, ಲೈಟ್ಯಾಕೆ" ಅಂತ ನಡುನಡುವೆ ಗೊಣಗುತ್ತಲೂ ಇದ್ದರು.

ಮೊದಲು ಎಡಗಡೆಯ ಎರಡನ್ನು ಕೂರಿಸಿದೆ. ಸ್ವಿಚ್ ಎಡಕ್ಕೆ ತಳ್ಳಿದೆ, ಎರಡೂ ಮಿಟುಕಿದವು. ಆಮೇಲೆ ಬಲಗಡೆಯ ಎರಡನ್ನು ಕೂರಿಸಿ ಬಲಕ್ಕೆ ತಳ್ಳಿದೆ. ಬಲಗಡೆ ಹೋಗಿ ನೋಡಿದೆ, ಅವೂ ಮಿಟುಕಿದವು. ಮೀಟರಿನಲ್ಲಿ ಇಂಡಿಕೇಟರ್ ಹಾಕಿದೆ ಅಂತ ತೋರಿಸುವ ಕಡಲೆಕಾಳಿನಷ್ಟು ಬಲ್ಬು ಒಂದಿದೆ, ಎಷ್ಟೋ ವರ್ಷದಿಂದ ಸತ್ತು ಬಿದ್ದಿದ್ದು ಈಗ ಅದೂ ಜೀವ ಬಂದು ಮಿಟುಕಿತು. ಎಳೆ ಎಳೆಗೂ ಟೇಪು ಸುತ್ತಿ ಹೆಡ್‌ಲೈಟ್ ಮುಚ್ಚಿದಾಗ ನನಗೆ ನನ್ನ ಮೇಲೆಯೇ ಪ್ರೀತಿ ಬಂತು. ಮಹೇಂದ್ರನಿಗೆ ಏನೇನು ಹೇಳಬೇಕು ಅಂತ ಸ್ನಾನ ಮಾಡುವಾಗಲೆಲ್ಲ ಯೋಚಿಸುತ್ತಿದ್ದೆ.

ಭಾನುವಾರ ಬೆಳಗ್ಗೆ ರಿಹರ್ಸಲ್ಲಿಗೆ ಹತ್ತು ಹನ್ನೆರಡು ಬೈಕು ಬಂದವು. ಊರೊಳಗೆ ಒಂದು ಸುತ್ತು ಅಷ್ಟೇ. ನಾನು ಮುಂದೆ, ನನ್ನ ಹಿಂದೆ ಬ್ಯೂಟಿ ಪಾರ್ಲರಿನ ಶಿಲ್ಪ ತನ್ನ ಸ್ಕೂಟರಿನಲ್ಲಿ, ಅವಳ ಹಿಂದೆ ಮಹೇಂದ್ರ ಮತ್ತಿತರರು. ಹಾಲಿನ ಡೈರಿಯ ಹತ್ತಿರ ಎಡಕ್ಕೆ, ಕೆರೆ ಕಡೆ ತಿರುಗುವುದು ಅಂತ ನಾನೇ ಅಂದುಕೊಂಡಿದ್ದೆ, ದೀಪ ನೋಡಿಯೇ ಬರಲಿ ಅಂತ ಯಾರಿಗೂ ಹೇಳಿರಲಿಲ್ಲ. ನಾನು ಗಮ್ಮತ್ತಾಗಿ ಎಡಗಡೆ ಇಂಡಿಕೇಟರ್ ಹಾಕಿದೆ, ಮೀಟರಿನ ಬಲ್ಬು ಮಿಟುಕುವುದನ್ನು ನೋಡಿ ಸಂತೋಷಪಟ್ಟೆ, ತಿರುಗಿದೆ. ಸ್ವಲ್ಪ ದೂರ ಹೋದಮೇಲೆ ಹಿಂದೆ ಸದ್ದೇ ಇಲ್ಲ ಅನ್ನಿಸಿತು. ತಿರುಗಿ ನೋಡಿದರೆ ಒಂದು ನಾಯಿ ಮಾತ್ರ ಓಡಿ ಬರುತ್ತಿತ್ತು.

ಉಳಿದವರೆಲ್ಲ ನೇರ ಹೋಗಿದ್ದರು. ಆ ದಾರಿ ಮುಗಿಯುವುದು ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ. ಸೆಕ್ಯುರಿಟಿಯವನು ಇಷ್ಟೊಂದು ಬೈಕು ನೋಡಿ ಗಲಾಟೆಗೆ ಬಂದಿದ್ದಾರೆ ಅಂದುಕೊಂಡು ಗೇಟು ಹಾಕಿಕೊಂಡಿದ್ದ. ಎಲ್ಲರೂ ಡೈರಿಯ ಹತ್ತಿರಕ್ಕೆ ವಾಪಸ್ ಬಂದ ಮೇಲೆ ನಾನು ಅವರನ್ನು ತರಾಟೆಗೆ ತೆಗೆದುಕೊಂಡೆ. ನನ್ನ ಬಾಯಿ ಸ್ವಲ್ಪ ಜೋರು ಅಂತ ಊರಿಗೆಲ್ಲ ಗೊತ್ತು, ಆವತ್ತು ಇನ್ನಷ್ಟು ಜೋರಾಯಿತು. ಎಡಗಡೆ ದೀಪ ಹಾಕಿದ್ದು ಕಾಣಲಿಲ್ಲವಾ, ಕಣ್ಣಿಗೆ ಸಾಬೂನು ಬಿದ್ದಿತ್ತಾ ಅಂತ ಕೇಳಿದೆ.

ಶಿಲ್ಪ ಪಾಪ ಮೆಲ್ಲಗೆ ಅಂದಳು. "ನಾಲ್ಕೂ ಮಿಟುಕ್ತಿತ್ತು ಕಣಕ್ಕ. ನಾಲ್ಕೂ ಮಿಟುಕಿದ್ರೆ ಸ್ಟ್ರೇಟ್ ಅಂತ ತಾನೆ?"

ನಾನು ನಂಬಲಿಲ್ಲ. ಅಲ್ಲೇ ಸ್ವಿಚ್ ಎಡಕ್ಕೆ ತಳ್ಳಿ ಇಳಿದು ನೋಡಿದೆ. ನಾಲ್ಕೂ ಮಿಟುಕುತ್ತಿದ್ದವು. ಬಲಕ್ಕೆ ತಳ್ಳಿದರೂ ನಾಲ್ಕೂ. ಚಾಪೆಯ ಮೇಲೆ ಕೂತು ಕೆಲಸ ಮಾಡುವಾಗ ಬಲ ಹಾಕಿ ಬಲವನ್ನು ಮಾತ್ರ ನೋಡಿದ್ದೆ, ಅದೇ ಹೊತ್ತಿನಲ್ಲಿ ಎಡ ಏನು ಮಾಡುತ್ತಿದೆ ಅಂತ ನೋಡುವ ಬುದ್ಧಿ ನನಗೆ ಬಂದಿರಲಿಲ್ಲ. ಆದರೂ ಸೋಲೊಪ್ಪಿಕೊಳ್ಳದೆ, ನಾಲ್ಕೂ ಮಿಟುಕಿದರೆ ಅಪಾಯ ಅಂತ ಅರ್ಥ, ಗಾಡಿ ಕೆಟ್ಟು ನಿಂತಾಗ ಹಾಕುವುದು ಅದು, ನೇರ ಹೋಗುವುದಕ್ಕೆ ಯಾವ ದೀಪವೂ ಬೇಕಿಲ್ಲ ಅಂತ ವಾದ ಮಾಡಿದೆ. ಎಲ್ಲರೂ ನನ್ನನ್ನೇ ವಿಚಿತ್ರವಾಗಿ ನೋಡಿದರು. ಸರ್ಕಲ್ಲಿನಲ್ಲಿ ನೇರ ಹೋಗುವಾಗ ನಾಲ್ಕೂ ಹಾಕಬೇಕು ಅಂತ ಅವರಿಗೆ ಡ್ರೈವಿಂಗ್ ಕಲಿಸಿದವರೇ ಹೇಳಿಕೊಟ್ಟಿದ್ದರಂತೆ. ಊರಿಗೆ ಊರೇ ಒಪ್ಪಿಕೊಂಡ ತಪ್ಪಿನ ಮುಂದೆ ಒಬ್ಬಳ ಸರಿ ಏನು ಮಾಡೀತು.

ಮಹೇಂದ್ರ ನಕ್ಕ. "ಇದಕ್ಕಿಂತ ದೊಡ್ಡಪ್ಪನ ಕೈನೇ ವಾಸಿ ಇತ್ತು ಬಿಡಕ್ಕ."

ಅವನು ಕೆಟ್ಟವನಲ್ಲ, ತಮಾಷೆಗೇ ಅಂದಿದ್ದು. ಆದರೆ ಡೈರಿಯ ಕಟ್ಟೆಯ ಮೇಲೆ ಅಪ್ಪ ಕೂತಿದ್ದರು. ಎಲ್ಲರೂ ನಕ್ಕಾಗ ಅವರು ಕೋಲೂರಿಕೊಂಡು ಎದ್ದು ಮನೆ ಕಡೆ ನಡೆದರು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಅಡುಗೆ ಮಾಡುವುದಿಲ್ಲ. ಮನೆಯವರು ಆ ಮಧ್ಯಾಹ್ನ ಹೋಟೆಲಿನಿಂದ ಚಿತ್ರಾನ್ನ ತಂದುಕೊಂಡರು.

ಮತ್ತೆ ಚಾಪೆ ಹಾಸಿದೆ. ಕುಚ್ಚು ಸಿಕ್ಕಾದರೆ ಎಳೆದಾಡಬಾರದು, ಒಂದೊಂದೇ ಎಳೆ ಬಿಡಿಸುತ್ತ ಯಾವುದು ಹಿಡಿದುಕೊಂಡಿದೆ ಅಂತ ನೋಡಬೇಕು. ಹಾಗೇ ಒಂದೊಂದೇ ಜೋಡಣೆ ಬಿಚ್ಚುತ್ತ, ಬಿಚ್ಚಿದ್ದನ್ನು ಮತ್ತೆ ಹಾಕುತ್ತ ಹೋದೆ. ನಾನು ಸ್ವಿಚ್ ತಳ್ಳುವಾಗ ಹಿಂದೆ ಏನಾಗುತ್ತಿದೆ ಅಂತ ಹೇಳುವುದಕ್ಕೆ ಒಬ್ಬರು ಬೇಕಿತ್ತು. ಕರೆಯುವ ಮೊದಲೇ ಅಪ್ಪ ಬಂದು ಬೈಕಿನ ಹಿಂದೆ ಕುರ್ಚಿ ಹಾಕಿಕೊಂಡು ಕೂತರು. ನಾನು ತಳ್ಳಿದಾಗಲೆಲ್ಲ "ಎಲ್ಡೂ ಕಡೆ" ಅನ್ನುತ್ತಿದ್ದರು. ಎಡದ ದೀಪ ಬಿಚ್ಚಿ ಹಾಕಿದೆ, ಬಲದ್ದು ಬಿಚ್ಚಿ ಹಾಕಿದೆ, ಫ್ಲಾಶರ್ ತಿರುಗಿಸಿ ಹಾಕಿದೆ, ಎಲ್ಲಕ್ಕೂ ಅದೇ ಉತ್ತರ. ಕೊನೆಗೆ ಉಳಿದದ್ದು ಮೀಟರಿನ ಕಡಲೆಕಾಳು ಬಲ್ಬು. ಅದನ್ನು ಕಿತ್ತೆ, ಸ್ವಿಚ್ ಎಡಕ್ಕೆ ತಳ್ಳಿದೆ.

"ಎಡ" ಅಂದರು ಅಪ್ಪ. ಬಲಕ್ಕೆ ತಳ್ಳಿದೆ. "ಬಲ."

ಕೋತಿ ತಾನು ಕೆಡುವುದಲ್ಲದೆ ವನವನ್ನೂ ಕೆಡಿಸಿತು ಅನ್ನುತ್ತಾರಲ್ಲ, ಹಾಗಾಗಿತ್ತು. ಸುಬ್ರಮಣಿಯವರಿಗೆ ಫೋನ್ ಮಾಡಿದೆ. ಎಡಕ್ಕೂ ಬಲಕ್ಕೂ ಒಂದೇ ಬಲ್ಬಿರುವ ಮೀಟರಾ, ಮೊದಲೇ ಹೇಳಬಾರದಾ ಅಂದರು. ಆ ಬಲ್ಬು ಎಡದ ವೈರಿಗೂ ಬಲದ ವೈರಿಗೂ ನಡುವೆ ಸೇತುವೆಯ ಹಾಗೆ ಕೂತಿರುತ್ತದಂತೆ. ಎಡಕ್ಕೆ ಹಾಕಿದರೆ ಅದರ ಮೂಲಕ ಒಂದು ಚೂರು ಕರೆಂಟು ಬಲಕ್ಕೂ ದಾಟುತ್ತದೆ. ಹಳೆಯ ಬಲ್ಬುಗಳಿಗೆ ಆ ಚೂರು ಸಾಲುತ್ತಿರಲಿಲ್ಲ. ಎಲ್‌ಇಡಿಯ ಹೊಟ್ಟೆ ಸಣ್ಣದು, ಅಷ್ಟು ಸಿಕ್ಕರೂ ಹೊತ್ತಿಕೊಳ್ಳುತ್ತದೆ.

ಬಲ್ಬು ಕಿತ್ತು ಹಾಗೇ ಬಿಡಿ ಅಂದರು. ನನಗೆ ಮನಸ್ಸಾಗಲಿಲ್ಲ. ಅದಿಲ್ಲದಿದ್ದರೆ ಇಂಡಿಕೇಟರ್ ಆರಿಸುವುದು ಮರೆತು ಊರೂರು ಮಿಟುಕಿಸಿಕೊಂಡು ಹೋಗುವವರ ಗುಂಪಿಗೆ ನಾನೂ ಸೇರುತ್ತೇನೆ. ಹಾಗಾದರೆ ಎರಡು ಡಯೋಡ್ ಹಾಕಿ ಅಂದರು. ಡಯೋಡ್ ಅಂದರೆ ಕರೆಂಟಿಗೆ ಒನ್‌ವೇ. ಎಡದಿಂದ ಒಂದು, ಬಲದಿಂದ ಒಂದು, ಎರಡೂ ಬಲ್ಬಿನ ಕಡೆಗೆ. ಬಲ್ಬಿನ ಇನ್ನೊಂದು ಕಾಲು ಅರ್ತಿಂಗಿಗೆ. ಎರಡೂ ಕಡೆಯಿಂದ ಬಲ್ಬಿಗೆ ಬರಬಹುದು, ಅಲ್ಲಿಂದ ಆಚೆ ಕಡೆಗೆ ದಾಟುವ ಹಾಗಿಲ್ಲ. ಬೆಂಗಳೂರಿನಲ್ಲಿ ಯಾರೂ ಎದುರು ಬರದ ಒನ್‌ವೇ ಅಂತ ನಾನು ನೋಡಿದ್ದು ಅದೊಂದೇ. ಯಲಹಂಕದ ಟಿವಿ ರಿಪೇರಿ ಅಂಗಡಿಯಿಂದ ತಂದು, ಗಂಟು ಕಾಣದ ಹಾಗೆ ಕಟ್ಟಿ ಮುಗಿಸಿದೆ. ಎಡ ಅಂದರೆ ಎಡ, ಬಲ ಅಂದರೆ ಬಲ, ಮಧ್ಯದಲ್ಲಿ ಕಡಲೆಕಾಳು ಎರಡಕ್ಕೂ ಮಿಟುಕಿತು. ಅಪ್ಪ ಹಿಂದೆಯೂ ಮುಂದೆಯೂ ಸುತ್ತಿ ಬಂದು ನೋಡಿ, ಇನ್ನೊಂದು ಸಲ ಹಾಕು ಅಂದರು. ನಾಲ್ಕೈದು ಸಲ ಹಾಕಿಸಿದರು.

ಅದೇ ಸಂಜೆ ಬೈಕನ್ನು ಅರಳಿಕಟ್ಟೆಗೆ ಒಯ್ದು ಬಳಗದವರ ಮುಂದೆ ನಿಲ್ಲಿಸಿ ತೋರಿಸಿದೆ. ದೀಪ ಸರಿಯಿದೆ ಅಂತ ಎಲ್ಲರೂ ಒಪ್ಪಿದರು. ಆದರೆ ಮಹೇಂದ್ರನ ಗಾಡಿಗೆ ಆಗಲೇ ಹೂವಿನ ಅಲಂಕಾರಕ್ಕೆ ಹೇಳಿ ಆಗಿತ್ತು, ಅವನೂ ಬಿಡಲಿಲ್ಲ, ನಾನೂ ಬಿಡಲಿಲ್ಲ. ವೆಂಕಟೇಶಪ್ಪನವರು ತಲೆ ಕೆರೆದುಕೊಂಡು ಒಂದು ದಾರಿ ಹೇಳಿದರು. "ಇಬ್ರೂ ಮುಂದೆ ಓಗಿ. ಬಾವುಟ ಪಿಳ್ಳಪ್ಪನ ತಾವಿರ್ಲಿ. ಜನ ಯಾರ ಇಂದೆ ಬತ್ತಾರೋ ಅವರ್ದೇ ಮುಂಗಾಡಿ, ಇನ್ಮೇಲಿಂದ ಅಂಗೇ."

ಮಹೇಂದ್ರ ಖುಷಿಯಾಗಿ ಒಪ್ಪಿದ. ಅವನ ಗಾಡಿಯ ಪಕ್ಕದಲ್ಲಿ ನನ್ನದು ಸೈಕಲ್ಲಿನ ಹಾಗೆ ಕಾಣುತ್ತಿತ್ತು. ನಾನೂ ಒಪ್ಪಿದೆ, ಒಪ್ಪಿದ ಮೇಲೆ ಅದರ ಅರ್ಥ ಹೊಳೆಯಿತು. ಇನ್ನುಮೇಲೆ ಅಂದರೆ ಇನ್ನುಮೇಲೆ. ಆ ದಿನ ಜನ ಅವನ ಹಿಂದೆ ಹೋದರೆ ಅಪ್ಪನ ಜಾಗ ಅಪ್ಪನ ಕಣ್ಣ ಮುಂದೆಯೇ ಮುಗಿಯುತ್ತಿತ್ತು.

ಒಂದನೇ ತಾರೀಖು ಬೆಳಗ್ಗೆ ಹೊರಡುವ ಮೊದಲು ನಾನು ಒಂದೊಂದು ಬೈಕಿನ ಹತ್ತಿರವೂ ಹೋದೆ. ನಾಲ್ಕು ದೀಪದ ಬಗ್ಗೆ ಜಗಳ ಆಡಲಿಲ್ಲ, ಆಡಿ ಸಾಕಾಗಿತ್ತು. ನನ್ನ ಗಾಡಿಯಲ್ಲಿ ಯಾವ ಕಡೆ ಮಿಟುಕುತ್ತದೋ ಆ ಕಡೆ ಬನ್ನಿ, ಏನೂ ಮಿಟುಕದಿದ್ದರೆ ನೇರ ಬನ್ನಿ ಅಂತ ಅಷ್ಟೇ ಹೇಳಿದೆ. ಕೆಲವರು ತಲೆಯಾಡಿಸಿದರು, ಕೆಲವರು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಮಹೇಂದ್ರ ಚೆಂಡು ಹೂವಿನ ಹಾರ ಹಾಕಿದ ಗಾಡಿ ಹತ್ತಿ, ರ‍್ಯಾಲಿ ಅಂದರೆ ಕಳೆ ಇರಬೇಕು ಅಂತ ನಾಲ್ಕು ದೀಪವನ್ನೂ ಮಿಟುಕಲು ಬಿಟ್ಟ. ಆರಿಸಬೇಕು ಅಂತ ಅವನಿಗೆ ಅನ್ನಿಸಲಿಲ್ಲ. ನಾನು ಒಂದು ಸಲ ಹೇಳಿದೆ, ಅವನು ನಕ್ಕ, ಸುಮ್ಮನಾದೆ.

ಹೊರಟೆವು. ಅಪ್ಪ ನನ್ನ ಹಿಂದೆ, ತೋಳಿನ ನಡುವೆ ಬಾವುಟ. ಬಲಗಡೆ ಒಂದು ಮಾರು ಮುಂದೆ ಮಹೇಂದ್ರ. ಹಿಂದೆ ಬಳಗಕ್ಕೆ ಬಳಗವೇ ಹಾಡು ಹಾಕಿಕೊಂಡು ಬರುತ್ತಿತ್ತು. ಬಾಗಲೂರು ಕ್ರಾಸ್ ದಾಟಿದೆವು, ವಾಯುಪಡೆಯ ಗೋಡೆ ದಾಟಿದೆವು. ದೂರದಲ್ಲಿ ಮೇಲ್ಸೇತುವೆ ಕಾಣಿಸಿತು, ಅದರ ಪಕ್ಕದಲ್ಲಿ ಎಡಕ್ಕೆ ಇಳಿಯುವ ಕಿರಿದಾದ ದಾರಿ. ಸ್ವಿಚ್ಚನ್ನು ಎಡಕ್ಕೆ ತಳ್ಳಿದೆ. ಕಡಲೆಕಾಳು ಮಿಟುಕಿತು.

ಕನ್ನಡಿಯಲ್ಲಿ ನೋಡಿದೆ. ಮೊದಲು ಶಿಲ್ಪನ ಸ್ಕೂಟರಿನ ಎಡದೀಪ ಹೊತ್ತಿತು. ಅವಳ ಹಿಂದೆ ಇನ್ನೊಂದು. ಅದರ ಹಿಂದೆ ಮೂರ್ನಾಲ್ಕು ಒಟ್ಟಿಗೆ. ನೋಡನೋಡುತ್ತ ಕನ್ನಡಿ ತುಂಬ ಹಳದಿ ದೀಪಗಳು, ಎಲ್ಲವೂ ಒಂದೇ ಕಡೆ ಮಿಟುಕುತ್ತಿದ್ದವು. ನಾನು ಇಳಿದೆ, ನನ್ನ ಹಿಂದೆ ಇಡೀ ರ‍್ಯಾಲಿ ಇಳಿಯಿತು. ಒಂದು ಗಾಡಿಯೂ ತಪ್ಪಲಿಲ್ಲ.

ಒಂದು ತಪ್ಪಿತು. ಮಹೇಂದ್ರನೂ ಎಡಕ್ಕೇ ಬರಬೇಕೆಂದಿದ್ದ, ಎಡದ ಸ್ವಿಚ್ಚನ್ನೂ ಒತ್ತಿದ್ದನಂತೆ. ಆದರೆ ನಾಲ್ಕೂ ಮಿಟುಕುತ್ತಿದ್ದ ಗಾಡಿಯಲ್ಲಿ ಎಡ ಯಾವುದು ಅಂತ ಯಾರಿಗೆ ಗೊತ್ತಾಗಬೇಕು. ಅವನು ನೇರ ಹೋಗುತ್ತಾನೆ ಅಂದುಕೊಂಡು ಬೈಕುಗಳೆಲ್ಲ ಅವನ ಎಡಗಡೆಯಿಂದ ಸಾಲಾಗಿ ನುಗ್ಗಿದವು, ದಾರಿಯೇ ಸಿಗಲಿಲ್ಲ, ಹಿಂದಿನಿಂದ ಒಂದು ಬಸ್ಸು ಹಾರನ್ ಹೊಡೆದು ಅವನನ್ನು ಸೇತುವೆ ಹತ್ತಿಸಿತು. ನಾನು ಕೆಳಗಿನಿಂದ ತಲೆಯೆತ್ತಿ ನೋಡಿದಾಗ ಚೆಂಡು ಹೂವಿನ ಹಾರ ಹಾರಿಸಿಕೊಂಡು ಒಬ್ಬನೇ ಹೆಬ್ಬಾಳದ ಕಡೆ ಹೋಗುತ್ತಿದ್ದ. ಪಾಪ ಅನ್ನಿಸಬೇಕಿತ್ತು. ನನಗೆ ಹೊಟ್ಟೆ ತುಂಬ ನಗು ಬಂತು, ಹೆಲ್ಮೆಟ್ಟಿನೊಳಗೆ ಗಟ್ಟಿಯಾಗಿಯೇ ನಕ್ಕೆ.

ಮೈದಾನದಲ್ಲಿ ನಮ್ಮ ಬೈಕು ಕಂಬದ ಬುಡದಲ್ಲಿ ನಿಂತಿತು. ಜನ ಸುತ್ತುವರಿದು ಜೈಕಾರ ಹಾಕಿದರು. ಅಪ್ಪ ಇಳಿದು, ಕೋಲನ್ನು ಶಿಲ್ಪನ ಕೈಗೆ ಕೊಟ್ಟು, ಬಾವುಟವನ್ನು ತಾವೇ ಹಗ್ಗಕ್ಕೆ ಕಟ್ಟಿ ಏರಿಸಿದರು. ವೆಂಕಟೇಶಪ್ಪನವರು ಭಾಷಣವನ್ನು ಒಂದೇ ಸಲ ಮಾಡಿದರು. ಅದರ ಕೊನೆಯಲ್ಲಿ, ಮುಂಗಾಡಿ ಯಾರದು ಅಂತ ಈಗ ಕೇಳಬೇಕಾಗಿಲ್ಲ ಅಂದಾಗ ಎಲ್ಲರೂ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ನಾಚಿಕೊಳ್ಳುವ ಜಾಯಮಾನ ನನ್ನದಲ್ಲ, ನಾನೂ ತಟ್ಟಿದೆ.

ಮಹೇಂದ್ರ ಬಂದದ್ದು ಉಪ್ಪಿಟ್ಟು ಹಂಚುವ ಹೊತ್ತಿಗೆ. ಲೆಫ್ಟ್ ಹಾಕಿದ್ದೆ ಕಣಕ್ಕ ಅಂತ ಶುರುಮಾಡಿದ, ಸುತ್ತ ಇದ್ದವರ ಮುಖ ನೋಡಿ ತಾನೇ ನಕ್ಕುಬಿಟ್ಟ. ಮುಂದಿನ ವರ್ಷ ನಿನ್ನ ಹಿಂದೆಯೇ ಬರುತ್ತೇನೆ ಅಂದ. ಅವನ ತಟ್ಟೆಗೆ ಎರಡು ಸೌಟು ಉಪ್ಪಿಟ್ಟು ಹೆಚ್ಚಾಗಿಯೇ ಹಾಕಿದೆ.

ಅಪ್ಪ ಬೈಕಿಗೆ ಒರಗಿ ನಿಂತು ಮೇಲೆ ಹಾರುತ್ತಿದ್ದ ಬಾವುಟ ನೋಡುತ್ತಿದ್ದರು. ಹತ್ತಿರ ಹೋದೆ. ಇಂಡಿಕೇಟರ್ ಹೇಗಿತ್ತು ಅಂತ ಕೇಳಿದೆ, ಹೊಗಳಿಸಿಕೊಳ್ಳುವ ಆಸೆಯಿಂದಲೇ. ಅವರು ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು.

"ಇಷ್ಟ್ ವರ್ಸ ಬಾವುಟನ ಗಾಡಿಗೆ ಕಟ್ತಿದ್ದೆ ಕಣವ್ವ. ಒಂದ್ ಕೈ ಆಕ್ಸಿಲೇಟ್ರಿಗೆ, ಒಂದ್ ಕೈ ದಾರಿ ತೋರ್ಸಕ್ಕೆ. ಎಲ್ಡೂ ಕೈಲಿ ಬಾವುಟ ಇಡ್ಕಂಡಿದ್ದು ಇವತ್ತೇ ಮೊದ್ಲು."

ನಾನು ಹೆಲ್ಮೆಟ್ ತೆಗೆದು ಸೀಟಿನ ಮೇಲೆ ಇಟ್ಟಿದ್ದೆ. ಅದನ್ನು ಎತ್ತಿ ಮತ್ತೆ ಹಾಕಿಕೊಂಡು ಗ್ಲಾಸು ಕೆಳಗೆ ಎಳೆದೆ. ನಾನು ಅಳುವುದನ್ನು ಮಹೇಂದ್ರ ನೋಡಿದರೆ ವರ್ಷಪೂರ್ತಿ ಆಡಿಕೊಳ್ಳುತ್ತಾನೆ.